ರಕ್ತವಾಂತಿಯ ಚಿಕಿತ್ಸೆ: ಅಳತೆ ತಪ್ಪಿದರೆ ಏನಾಗುತ್ತೆ?

[ದೃಶ್ಯ: ಅನ್ನನಾಳ, ಜಠರ, ಲಿವರ್‌ನ ಚಿತ್ರ. ಅನ್ನನಾಳದ ಕೆಳತುದಿಯಲ್ಲಿ ಉಬ್ಬಿದ ನೀಲಿ ನಾಳಗಳು.]

ಲಿವರ್ ಸಿರೋಸಿಸ್ ಇರೋರಿಗೆ ಇದ್ದಕ್ಕಿದ್ದ ಹಾಗೆ ರಕ್ತ ವಾಂತಿ ಆಯ್ತು ಅಂದ್ರೆ, ಮೊದಲು ಅನುಮಾನ ಪಡಬೇಕಾದ್ದು ಈ ನಾಳಗಳ ಮೇಲೆ. ವಾರ್ಡಿನಲ್ಲಿ ಇವನ್ನ ವೆರೈಸಸ್ ಅಂತಾರೆ. ಗಟ್ಟಿಯಾದ ಲಿವರ್ ಮೂಲಕ ಹೋಗಲಾರದ ರಕ್ತ ಪಕ್ಕದ ದಾರಿ ಹಿಡಿದು ಇವನ್ನ ಉಬ್ಬಿಸಿರುತ್ತೆ. ಒಡೆದರೆ ನಿಲ್ಲಿಸೋಕೆ ಒಳ್ಳೇ ಚಿಕಿತ್ಸೆಗಳಿವೆ. ಆದರೆ ಒಂದೊಂದಕ್ಕೂ ಒಂದು ಅಳತೆ ಇದೆ, ಒಂದು ಹೊತ್ತಿದೆ. ಅದು ತಪ್ಪಿದಾಗ ಆಗೋ ತೊಂದರೆಗಳ ಬಗ್ಗೆ ಈ ವಿಡಿಯೋ. ನರ್ಸಿಂಗ್, ಎಂಬಿಬಿಎಸ್ ಓದ್ತಿರೋರಿಗೂ, ಐಸಿಯು ಹೊರಗೆ ಬೆಂಚಿನ ಮೇಲೆ ಕೂತಿರೋ ಮನೆಯವರಿಗೂ.

[ದೃಶ್ಯ: ತೂಗುಹಾಕಿದ ರಕ್ತದ ಚೀಲ, ಹನಿ ಬೀಳುತ್ತಿದೆ.]

"ಎಷ್ಟು ಬಾಟಲ್ ರಕ್ತ ಬೇಕು ಡಾಕ್ಟ್ರೇ?" ಮನೆಯವರ ಮೊದಲ ಪ್ರಶ್ನೆ ಇದೇ. ಹಿಮೋಗ್ಲೋಬಿನ್ 7.5 ಇದ್ದು, ರಕ್ತ ಕೊಡದೆ ಕಾಯ್ತಿದ್ದರೆ ಸಿಟ್ಟೂ ಬರುತ್ತೆ. ಆ ಕಾಯುವಿಕೆಗೆ ಕಾರಣ ಇದೆ. ತೋಟದ ಪೈಪು ಒಡೆದ ಕಡೆ ಬಟ್ಟೆ ಸುತ್ತಿ, ಆಮೇಲೆ ಮೋಟರ್ ಜೋರಾಗಿ ಬಿಟ್ಟರೆ ಏನಾಗುತ್ತೆ? ಇಲ್ಲೂ ಅಷ್ಟೇ. ರಕ್ತ, ಸಲೈನ್ ಹೆಚ್ಚು ಸುರಿದಷ್ಟೂ, ಕರುಳಿನಿಂದ ಲಿವರ್‌ಗೆ ರಕ್ತ ಒಯ್ಯೋ ಪೋರ್ಟಲ್ ವೇನ್‌ನ ಒತ್ತಡ ಏರಿ, ಆಗಷ್ಟೇ ಹೆಪ್ಪುಗಟ್ಟಿದ ಜಾಗ ಮತ್ತೆ ಬಿಚ್ಚಿಕೊಳ್ಳುತ್ತೆ. 2013ರಲ್ಲಿ ಸ್ಪೇನ್‌ನ ಬಾರ್ಸಿಲೋನಾದಿಂದ ಬಂದ ಅಧ್ಯಯನದಲ್ಲಿ, ಹುಣ್ಣಿನಿಂದ ರಕ್ತ ಹೋದವರೂ ಸೇರಿ 900ಕ್ಕೂ ಹೆಚ್ಚು ರೋಗಿಗಳಿದ್ದರು. ಹಿಮೋಗ್ಲೋಬಿನ್ 7ಕ್ಕಿಂತ ಇಳಿದಾಗ ಮಾತ್ರ ರಕ್ತ ಕೊಟ್ಟವರಲ್ಲಿ ಆರು ವಾರಕ್ಕೆ ಬದುಕಿದ್ದವರು ನೂರಕ್ಕೆ 95. 9ಕ್ಕಿಂತ ಇಳಿದ ತಕ್ಷಣ ಕೊಟ್ಟವರಲ್ಲಿ 91. ಅದಕ್ಕೇ ಈಗ ಗುರಿ 7ರಿಂದ 8.

ಒಂದು ಎಚ್ಚರಿಕೆ. ಬಿಪಿ ಬಿದ್ದು, ರಕ್ತ ಧಾರಾಕಾರ ಹೋಗ್ತಿರೋರನ್ನ ಆ ಅಧ್ಯಯನಕ್ಕೆ ಸೇರಿಸಿರಲಿಲ್ಲ. ಅಂಥವರಲ್ಲಿ ಸಂಖ್ಯೆ ನೋಡ್ತಾ ಕೂರೋ ಹಾಗಿಲ್ಲ. ರಕ್ತ ಹೋದ ಮೊದಲ ಗಂಟೆಗಳಲ್ಲಿ ಹಿಮೋಗ್ಲೋಬಿನ್ ಅಷ್ಟಾಗಿ ಇಳಿದಿರೋದೇ ಇಲ್ಲ, ಉಳಿದ ರಕ್ತ ಇನ್ನೂ ತೆಳುವಾಗಿರಲ್ಲ. ಅವರಿಗೆ ತಡಮಾಡದೆ ಕೊಡಬೇಕು. ಆಗ ಬೇರೆ ತೊಂದರೆ ಶುರು. ಚೀಲದ ರಕ್ತ ಹೆಪ್ಪುಗಟ್ಟದಿರಲಿ ಅಂತ ಸೇರಿಸಿರೋ ಸಿಟ್ರೇಟ್, ದೇಹದ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತೆ. ಆ ಸಿಟ್ರೇಟನ್ನ ಕರಗಿಸಬೇಕಾದ್ದು ಲಿವರ್, ಅದೇ ಕೆಟ್ಟಿದೆ! ಕ್ಯಾಲ್ಸಿಯಂ ಇಳಿದರೆ ಬಿಪಿ ಬೀಳುತ್ತೆ, ಹೆಪ್ಪುಗಟ್ಟೋದೂ ಕೆಡುತ್ತೆ. ಅಯೋನೈಸ್ಡ್ ಕ್ಯಾಲ್ಸಿಯಂ (ರಕ್ತದಲ್ಲಿ ಬಿಡಿಯಾಗಿರೋ ಕ್ಯಾಲ್ಸಿಯಂ) ಆಗಾಗ ನೋಡಿ, ಕಡಿಮೆಯಾದರೆ 10% ಕ್ಯಾಲ್ಸಿಯಂ ಗ್ಲುಕೋನೇಟ್ 10 ಮಿ.ಲೀ. ನಿಧಾನವಾಗಿ ಕೊಡಬೇಕು, ರಕ್ತ ಹೋಗ್ತಿರೋ ಅದೇ ಲೈನ್‌ನಲ್ಲಲ್ಲ. ಫ್ರಿಡ್ಜಿನ ರಕ್ತವನ್ನ ವಾರ್ಮರ್ ಇಲ್ಲದೆ ಸುರಿದರೆ ಮೈ ತಣ್ಣಗಾಗಿ ರಕ್ತಸ್ರಾವ ಇನ್ನೂ ಹೆಚ್ಚುತ್ತೆ.

ರಕ್ತ ಹೆಪ್ಪುಗಟ್ಟೋದನ್ನ ಅಳೆಯೋ ಐಎನ್ಆರ್ ಟೆಸ್ಟ್ 1.8 ಬಂತು ಅಂತ ನಾಲ್ಕು ಚೀಲ ಪ್ಲಾಸ್ಮಾ ಏರಿಸೋದೂ ಅಳತೆ ಮೀರಿ ಸುರಿಯೋ ತಪ್ಪೇ. ಸಿರೋಸಿಸ್‌ನಲ್ಲಿ ಹೆಪ್ಪುಗಟ್ಟಿಸೋ ಪ್ರೋಟೀನಿನ ಜೊತೆ ಹೆಪ್ಪು ತಡೆಯೋ ಪ್ರೋಟೀನೂ ಕಡಿಮೆಯಾಗಿರುತ್ತೆ, ಐಎನ್ಆರ್ ಅದನ್ನ ತೋರಿಸಲ್ಲ. ಪ್ಲಾಸ್ಮಾದಿಂದ ಖಾತ್ರಿಯಾಗಿ ಏರೋದು ಒತ್ತಡ. ಇನ್ನು, ಕಟ್ಟಿದ ಹೆಪ್ಪು ಕರಗದ ಹಾಗೆ ತಡೆಯೋ ಔಷಧಿ ಟ್ರಾನೆಕ್ಸಾಮಿಕ್ ಆಸಿಡ್. 12,009 ರೋಗಿಗಳ ಹಾಲ್ಟ್-ಇಟ್ ಅಧ್ಯಯನ 2020ರಲ್ಲೇ ಉತ್ತರ ಕೊಟ್ಟಿದೆ: ಸಾವು ಕಡಿಮೆಯಾಗಲಿಲ್ಲ, ಕಾಲಿನ ಮತ್ತು ಶ್ವಾಸಕೋಶದ ನಾಳಗಳಲ್ಲಿ ಹೆಪ್ಪು ಕಟ್ಟೋದು 0.4%ರಿಂದ 0.8%ಕ್ಕೆ ಏರಿತು. ಅಭ್ಯಾಸಬಲದಿಂದ ಇದನ್ನ ಕೊಡೋದು ನಿಲ್ಲಬೇಕು.

[ದೃಶ್ಯ: ರೋಗಿಯ ಬೆರಳ ತುದಿಗಳು, ಹತ್ತಿರದಿಂದ.]

ಟೆರ್ಲಿಪ್ರೆಸಿನ್ ಕರುಳಿನ ರಕ್ತನಾಳ ಬಿಗಿ ಮಾಡಿ ಪೋರ್ಟಲ್ ಒತ್ತಡ ಇಳಿಸುತ್ತೆ. ಶುರುವಿನಲ್ಲಿ ನಾಲ್ಕು ಗಂಟೆಗೊಮ್ಮೆ 2 ಮಿ.ಗ್ರಾಂ, ರಕ್ತ ನಿಂತಮೇಲೆ 1. ಬಿಗಿಯೋದು ಕರುಳಲ್ಲಷ್ಟೇ ಅಲ್ಲ. ಹೊಟ್ಟೆ ನುಲಿಯುತ್ತೆ, ಭೇದಿ ಆಗುತ್ತೆ, ಮುಖ ಬಿಳಿಚಿಕೊಳ್ಳುತ್ತೆ, ಇವು ಸಾಮಾನ್ಯ. ಬೆರಳು ನೀಲಿಯಾದರೆ, ಎದೆನೋವು ಬಂದರೆ ಔಷಧಿ ನಿಲ್ಲಿಸಬೇಕು. ಹಾಗಾಗಿ ಮೊದಲೇ ಇಸಿಜಿ ಬೇಕು. ಸೋಡಿಯಂ ದಿನಾ ನೋಡಬೇಕು, ದಿಢೀರ್ ಇಳಿದು ಫಿಟ್ಸ್ ಬರಬಹುದು.

ವೆರೈಸಸ್ ಅನುಮಾನ ಇದ್ದರೆ ಎಂಡೋಸ್ಕೋಪಿ 12 ಗಂಟೆಯೊಳಗೆ, ಆದರೆ ಬಿಪಿ ಒಂದು ಹದಕ್ಕೆ ಬಂದಮೇಲೆ. ಜಠರದ ತುಂಬ ರಕ್ತ ಇದ್ದು, ರೋಗಿ ಮಂಪರಿನಲ್ಲಿದ್ದರೆ ಅದು ಶ್ವಾಸಕೋಶಕ್ಕೆ ನುಗ್ಗುತ್ತೆ. ಅಂಥವರಿಗೆ ಮೊದಲು ಉಸಿರಿನ ನಳಿಕೆ, ಆಮೇಲೆ ಸ್ಕೋಪ್. ಇಸಿಜಿಯಲ್ಲಿ ಕ್ಯೂಟಿ ಅನ್ನೋ ಅಂತರ ಸರಿಯಿದ್ದರೆ ಎರಿಥ್ರೋಮೈಸಿನ್ 250 ಮಿ.ಗ್ರಾಂ ಸುಮಾರು ಒಂದು ಗಂಟೆ ಮುಂಚೆ ಕೊಟ್ಟರೆ ಜಠರ ಖಾಲಿಯಾಗಿ ನೋಟ ಸ್ಪಷ್ಟ. ಸೋಂಕು ತಡೆಯೋಕೆ ಸೆಫ್‌ಟ್ರಿಯಾಕ್ಸೋನ್ ದಿನಕ್ಕೆ 1 ಗ್ರಾಂ, ಮೊದಲ ದಿನದಿಂದಲೇ.

[ದೃಶ್ಯ: ಮೂರು ಬಾಯಿಯ ರಬ್ಬರ್ ಟ್ಯೂಬ್, ಎರಡು ಬಲೂನು. ಹಾಸಿಗೆಯ ತಲೆದಿಕ್ಕಿಗೆ ಟೇಪ್ ಹಾಕಿ ಅಂಟಿಸಿದ ಕತ್ತರಿ.]

ಈ ಕತ್ತರಿ ನೋಡಿ. ಎಂಡೋಸ್ಕೋಪಿಯಿಂದಲೂ ರಕ್ತ ನಿಲ್ಲದಿದ್ದಾಗ, ಬಲೂನಿನಿಂದ ನಾಳಗಳನ್ನ ಒತ್ತಿಹಿಡಿಯೋಕೆ ಹಾಕೋ ಸೆಂಗ್‌ಸ್ಟೇಕನ್ ಟ್ಯೂಬಿನ ಪಕ್ಕದಲ್ಲಿ ಇದು ಇರಲೇಬೇಕು. ಮೊದಲು ಬಲೂನುಗಳನ್ನ ನೀರಲ್ಲಿ ಮುಳುಗಿಸಿ ಸೋರಿಕೆ ನೋಡಬೇಕು. ಟ್ಯೂಬ್ 50 ಸೆಂ.ಮೀ. ಗುರುತಿನವರೆಗೆ ಒಳಗೆ ಹೋದಮೇಲೆ ಜಠರದ ಬಲೂನಿಗೆ ಬರೀ 50 ಮಿ.ಲೀ. ಗಾಳಿ, ನಂತರ ಎಕ್ಸ್‌ರೇ. ಬಲೂನು ಜಠರದಲ್ಲೇ ಇದೆ ಅಂತ ಕಣ್ಣಾರೆ ಕಂಡಮೇಲೆ ಮಾತ್ರ 250 ಮಿ.ಲೀ.ವರೆಗೆ ತುಂಬಿ ಮೆಲ್ಲಗೆ ಎಳೆದು ನಿಲ್ಲಿಸೋದು. ಎಕ್ಸ್‌ರೇ ಬಿಟ್ಟು ತುಂಬಿದಾಗ ಬಲೂನು ಅನ್ನನಾಳದಲ್ಲಿದ್ದರೆ ಅನ್ನನಾಳ ಹರಿದೇ ಹೋಗುತ್ತೆ. ಅನ್ನನಾಳದಲ್ಲಿರೋ ಎರಡನೇ ಬಲೂನು, ಇನ್ನೂ ರಕ್ತ ಬರ್ತಿದ್ದರೆ ಮಾತ್ರ, 30ರಿಂದ 40 ಎಂಎಂ ಒತ್ತಡಕ್ಕೆ, ಮೀಟರ್ ಜೋಡಿಸಿ.

ಜಠರದ ಬಲೂನು ಒಡೆದರೆ ಇಡೀ ಟ್ಯೂಬ್ ಮೇಲೆ ಜಾರಿ ಉಸಿರುಗಟ್ಟುತ್ತೆ. ಆಗ ಸಿರಿಂಜ್ ಹುಡುಕೋಕೆ ಸಮಯ ಇಲ್ಲ. ಒಂದು ಕೈಲಿ ಟ್ಯೂಬನ್ನ ಬಾಯಿಯ ಹತ್ತಿರ ಗಟ್ಟಿಯಾಗಿ ಹಿಡಿದು, ಕೈಯ ಆಚೆ ಮೂರೂ ದಾರಿ ಒಟ್ಟಿಗೆ ಕತ್ತರಿಸಿ, ಎಳೆದು ತೆಗೆಯೋದು. ಹಿಡಿಯದೆ ಕತ್ತರಿಸಿದರೆ ತುಂಡು ಒಳಗೆ ಜಾರುತ್ತೆ. ಎಲ್ಲ ಸರಿಯಿದ್ದರೂ 24 ಗಂಟೆ ಮೀರಬಾರದು, ಒತ್ತಿದ ಜಾಗ ಕೊಳೆಯುತ್ತೆ. ಬಲೂನು ಇಳಿಸಿದಮೇಲೆ ಮತ್ತೆ ರಕ್ತ ಬರೋದು ತೀರಾ ಸಾಮಾನ್ಯ, ಅದಕ್ಕೇ ಅಷ್ಟರೊಳಗೆ ಟಿಪ್ಸ್ (ಲಿವರ್ ಒಳಗೆ ರಕ್ತಕ್ಕೆ ಹೊಸ ದಾರಿ ಮಾಡೋ ಸ್ಟೆಂಟ್) ಥರದ ಮುಂದಿನ ಚಿಕಿತ್ಸೆಗೆ ಏರ್ಪಾಡಾಗಿರಬೇಕು.

ಜಠರದ ವೆರೈಸಸ್‌ಗೆ ನಾಳ ಮುಚ್ಚಲಿ ಅಂತ ಚುಚ್ಚಿ ಹಾಕೋ ಗ್ಲೂ (ಅಂಟು) ಕೂಡ ರಕ್ತದ ಜೊತೆ ಶ್ವಾಸಕೋಶಕ್ಕೆ ಹೋಗಬಹುದು. ಅದಕ್ಕೇ ಒಂದು ಸಲಕ್ಕೆ ಸುಮಾರು 1 ಮಿ.ಲೀ. ಮಾತ್ರ.

[ದೃಶ್ಯ: ಕ್ಯಾಲೆಂಡರ್. ಬ್ಯಾಂಡ್ ಹಾಕಿದ ದಿನಕ್ಕೆ ಗುರುತು.]

ಮನೆಗೆ ಹೋದಮೇಲೆ ಬರೋದು ಬ್ಯಾಂಡಿನ ಹುಣ್ಣು. ಒಡೆದ ನಾಳದ ಬುಡಕ್ಕೆ ಎಂಡೋಸ್ಕೋಪಿ ಮೂಲಕ ಹಾಕಿದ ರಬ್ಬರ್ ಉಂಗುರ, ಅಂದ್ರೆ ಬ್ಯಾಂಡ್, ಕೆಲವು ದಿನಕ್ಕೆ ತಾನೇ ಬಿದ್ದುಹೋಗುತ್ತೆ, ಅಲ್ಲೊಂದು ಹುಣ್ಣು ಉಳಿಯುತ್ತೆ. ಎರಡು ಮೂರು ದಿನ ಎದೆ ನೋವು, ನುಂಗುವಾಗ ನೋವು ಇದ್ದರೆ ಗಾಬರಿ ಬೇಡ. ಎರಡು ವಾರ ಗಂಜಿ, ಮೊಸರನ್ನ, ಮೆತ್ತನೆ ಇಡ್ಲಿ ಇರಲಿ, ಕಟಿರೊಟ್ಟಿ, ಚಕ್ಕುಲಿ ಬೇಡ. ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಲೇಬಾರದು. ಬರೆದುಕೊಟ್ಟ ಪ್ಯಾಂಟೊಪ್ರಜೋಲ್ ತಪ್ಪಿಸಬೇಡಿ. ಈ ಎರಡು ವಾರದಲ್ಲಿ ಡಾಂಬರಿನಂಥ ಕಪ್ಪು ಮಲ, ತಲೆಸುತ್ತು, ರಕ್ತವಾಂತಿ, ಮಾತು ತೊದಲಿ ಮಂಕಾಗೋದು, ಯಾವುದು ಕಂಡರೂ 108ಕ್ಕೆ ಕರೆ ಮಾಡಿ. ಬ್ಯಾಂಡ್ ಹಾಕಿದ ತಾರೀಕು, ಎಷ್ಟು ಬ್ಯಾಂಡ್ ಅನ್ನೋದಿರೋ ಡಿಸ್ಚಾರ್ಜ್ ಚೀಟಿ ಕೈಯಲ್ಲಿರಲಿ. ಮುಂದಿನ ಬ್ಯಾಂಡಿಂಗ್ 2ರಿಂದ 4 ವಾರದೊಳಗೆ, ರಕ್ತ ಬಂದಿರಲಿ ಬರದಿರಲಿ.