ಇಬ್ಬರನ್ನು ಪ್ರೀತಿಸಿದರೆ ಪ್ರೀತಿ ಅರ್ಧವಾಗುತ್ತದೆಯೇ?

[ದೃಶ್ಯ: ದಾವಣಗೆರೆಯ ಕುಂದುವಾಡ ಕೆರೆ ಏರಿ, ಸಂಜೆ ವಾಯುವಿಹಾರದ ಜನ]

ನಮಸ್ಕಾರ. ಇದೇ ಊರಿನ ವೀಕ್ಷಕರೊಬ್ಬರ ಪ್ರಶ್ನೆ: "ಇಬ್ಬರನ್ನು ಪ್ರೀತಿಸುವವರು ಒಬ್ಬೊಬ್ಬರಿಗೆ ಅರ್ಧರ್ಧವನ್ನೇ ಕೊಡುವುದಲ್ಲವೇ?" ಲೆಕ್ಕದ ಮೇಷ್ಟ್ರು ಮೆಚ್ಚುವ ಪ್ರಶ್ನೆ.

ಇದು ಕದ್ದುಮುಚ್ಚಿ ನಡೆಸುವ ವ್ಯವಹಾರದ ಮಾತಲ್ಲ. ಸಂಬಂಧದಲ್ಲಿರುವ ಎಲ್ಲರಿಗೂ ಗೊತ್ತಿದ್ದು, ಅವರೆಲ್ಲರೂ ಒಪ್ಪಿಕೊಂಡಿರುವ ಬಹುಸಂಬಂಧದ ಮಾತು. ಎರಡನೇ ಮದುವೆಯೂ ಅಲ್ಲ, ಅದನ್ನು ವಿಚಾರಿಸಿಕೊಳ್ಳಲು ಕಾನೂನಿದೆ. ಮುಂದೆ ಹೋಗೋಣ.

2014ರಲ್ಲಿ ಮಿಚೆಲ್, ಬಾರ್ಥೊಲೊಮ್ಯೂ ಮತ್ತು ಕಾಬ್ ಎಂಬ ಸಂಶೋಧಕರು ಇಬ್ಬರು ಸಂಗಾತಿಗಳಿರುವ 1,093 ಜನರನ್ನು ವಿಚಾರಿಸಿದರು. ಒಬ್ಬರಿಂದ ಸಿಗುವ ಆಸರೆ, ಆತ್ಮೀಯತೆ ಹೆಚ್ಚಾದರೆ ಇನ್ನೊಬ್ಬರ ಜೊತೆಗಿನ ತೃಪ್ತಿ ಕುಸಿಯುತ್ತದೆಯೇ? ಬಹುಮಟ್ಟಿಗೆ ಇಲ್ಲ. ಒಂದು ಸಂಬಂಧದ ಸುಖದುಃಖ ಇನ್ನೊಂದರ ಮೇಲೆ ಅಷ್ಟಾಗಿ ಅವಲಂಬಿಸಿರಲಿಲ್ಲ. ಭಾಗಾಕಾರ ಸೋತಿತು.

ಆದರೆ ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು ಅಧ್ಯಯನ. 2017ರಲ್ಲಿ ರೋಂಡಾ ಬಾಲ್ಜರಿನಿ ಮತ್ತು ಸಂಗಡಿಗರು ಇಂಥ 1,308 ಜನರಿಗೆ ಮುಖ್ಯ ಸಂಗಾತಿ ಮತ್ತು ಎರಡನೆಯ ಸಂಗಾತಿಯ ಬಗ್ಗೆ ಬೇರೆಬೇರೆಯಾಗಿ ಪ್ರಶ್ನೆ ಕೇಳಿದರು. ಬದ್ಧತೆ, ಮನೆಯವರ ಮತ್ತು ಸ್ನೇಹಿತರ ಒಪ್ಪಿಗೆ ಮುಖ್ಯ ಸಂಗಾತಿಯ ಕಡೆ ಹೆಚ್ಚು. ಎರಡನೆಯವರೊಂದಿಗೆ ಕಳೆಯುವ ಸಮಯದಲ್ಲಿ ದೈಹಿಕ ಸಾಮೀಪ್ಯದ ಪಾಲು ಹೆಚ್ಚು, ಜೊತೆಗೆ ಗುಟ್ಟೂ ಹೆಚ್ಚು! ಇಷ್ಟೆಲ್ಲ ಮುಕ್ತವಾಗಿ ಬದುಕುವವರೂ ಹೊರಗಿನವರ ಮುಂದೆ ಎರಡನೆಯವರನ್ನು ಒಂದಿಷ್ಟು ಹೆಚ್ಚೇ ಮರೆಯಲ್ಲಿ ಇಡುತ್ತಾರೆ. ನಮ್ಮ ಕಡೆಗೆ ಒಗ್ಗಿಸಿ ಹೇಳುವುದಾದರೆ, ಸಂಬಂಧಿಕರ ಮದುವೆಗೆ ಯಾರನ್ನು ಕರೆದುಕೊಂಡು ಹೋಗುತ್ತೀರಿ? ಊಟದ ಪಂಕ್ತಿಯಲ್ಲಿ ದೊಡ್ಡಮ್ಮ "ಇವರು ಯಾರಪ್ಪಾ?" ಎಂದಾಗ ತಡವರಿಸದೆ ಉತ್ತರಿಸುವುದು ಗುಲಾಬಿ ಕೊಡುವುದಕ್ಕಿಂತ ದೊಡ್ಡ ಪ್ರೀತಿ ಎಂಬುದು ನನ್ನ ಪಕ್ಷಪಾತದ ಅಭಿಪ್ರಾಯ.

[ದೃಶ್ಯ: ದೋಸೆ ಹೋಟೆಲಿನ ಒಲೆ, ಹೆಂಚಿನ ಮೇಲೆ ಬೆಣ್ಣೆ]

ಪ್ರೀತಿಯನ್ನು ಪಾಲು ಮಾಡುವ ಇನ್ನೊಂದು ಲೆಕ್ಕವೂ ಇದೆ. ಪ್ರತಿಯೊಬ್ಬರಿಗೂ ಐದರಲ್ಲಿ ಒಂದು ಮುಖ್ಯ 'ಪ್ರೀತಿಯ ಭಾಷೆ', ಅಂದರೆ ಪ್ರೀತಿ ತೋರುವ ಬಗೆ, ಇರುತ್ತದೆ ಎಂದು ಅಮೆರಿಕದ ಲೇಖಕ ಗ್ಯಾರಿ ಚಾಪ್‌ಮನ್ 1992ರಲ್ಲಿ ಹೇಳಿದರು. ಹೊಗಳಿಕೆ, ಜೊತೆಗಿರುವುದು, ಉಡುಗೊರೆ, ನೆರವು, ಸ್ಪರ್ಶ. 2024ರಲ್ಲಿ ಸಂಶೋಧಕಿ ಎಮಿಲಿ ಇಂಪೆಟ್ ಮತ್ತಿಬ್ಬರು ಪುರಾವೆಗಳನ್ನು ಜಾಲಾಡಿ, ಒಂದೇ ಭಾಷೆಯ ಈ ವಾದಕ್ಕೆ ಗಟ್ಟಿ ಆಧಾರವಿಲ್ಲ, ಜನ ಐದನ್ನೂ ಬಯಸುತ್ತಾರೆ ಎಂದರು. ಅವರು ಕೊಟ್ಟ ಹೋಲಿಕೆ ಸಮತೋಲನದ ಆಹಾರ. ಬೆಣ್ಣೆ ದೋಸೆ ತಟ್ಟೆಗೆ ಬಂದಾಗ "ನೀವು ಚಟ್ನಿಯವರೋ, ಪಲ್ಯದವರೋ?" ಎಂದು ಈ ಊರಿನಲ್ಲಿ ಯಾರಾದರೂ ಕೇಳುತ್ತಾರೆಯೇ? ಎರಡನ್ನೂ ಬಡಿಸುತ್ತಾರೆ. ಕೇಳಿದರೆ ಇನ್ನೊಂದು ಸೌಟು ಪಲ್ಯ.

ಸಮಯ ಮುಗಿಯುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. 2025ರಲ್ಲಿ 35 ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಏಕಸಂಗಾತಿಗಳಿಗೂ ಬಹುಸಂಗಾತಿಗಳಿಗೂ ಸಂಬಂಧದ ತೃಪ್ತಿಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇವೆಲ್ಲ ಹೆಚ್ಚಾಗಿ ಪಶ್ಚಿಮ ದೇಶಗಳ ಜನ ತಾವೇ ಮುಂದೆ ಬಂದು ತುಂಬಿಸಿದ ಪ್ರಶ್ನಾವಳಿಗಳು. ಮನಸ್ಸು ಮುರಿದು ಎದ್ದು ಹೋದವರು ಪ್ರಶ್ನಾವಳಿ ತುಂಬಿಸಲು ಕುಳಿತಿರುವ ಸಾಧ್ಯತೆ ಕಡಿಮೆ. ಹೀಗಾಗಿ ಈ ಅಂಕಿಗಳನ್ನು ಮನೆಯಲ್ಲಿ ವಾದ ಗೆಲ್ಲಲು ಬಳಸಬೇಡಿ. ಬಳಸಿದರೆ ನನ್ನ ಹೆಸರು ಹೇಳಬೇಡಿ.