ಇನ್ನೂ ಕೈಗೆ ಸಿಗದ ಫೋನು ಎಷ್ಟು ಗಟ್ಟಿ?

ನಮಸ್ಕಾರ. ಹೊರಗೆ ಜೋರು ಮಳೆ, ಶೂಟಿಂಗ್‌ಗೆ ಎಲ್ಲೂ ಹೋಗಲಿಲ್ಲ. ಹಾಗಾಗಿ ಇವತ್ತು ನಿಮಗೆ ಕಾಣುವುದು ಈ ಮೇಜು, ಒಂದು ಲೋಟ ಟೀ, ನನ್ನ ಹಳೇ ಫೋನು. ಅಷ್ಟೇ.

ನಿನ್ನೆ ತಂಗಿಯ ಗಂಡ ಕರೆ ಮಾಡಿದ್ದರು. "ಭಾವ, ಮುಂದಿನ ತಿಂಗಳು ಬರ್ತಿದೆಯಲ್ಲಾ ಆ ಫೋನು, ಬಿಲ್ಡ್ ಹೇಗಿದೆ?" ಅಂತ. ಬಾರದೇ ಇರುವ ಫೋನಿಗೆ ನಾನೇನು ಸರ್ಟಿಫಿಕೇಟ್ ಕೊಡಲಿ! ಅವರು ಕಳಿಸಿದ ವಿಡಿಯೋ ನೋಡಿದೆ. ಫೋನು ಗಾಳಿಯಲ್ಲಿ ತಿರುಗುತ್ತದೆ, ಅಂಚಿನ ಮೇಲೆ ಬೆಳಕು ಜಾರುತ್ತದೆ. ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ ಅದು. ಅದಕ್ಕೆ ತೂಕವೂ ಇಲ್ಲ, ಸಂದಿಯೂ ಇಲ್ಲ.

ಕೈಗೆ ಸಿಕ್ಕಿದ್ದರೂ ಮೋಸ ಹೋಗಬಹುದು ಬಿಡಿ. ಪುಸ್ತಕದ ಹಾಗೆ ಮಡಚುವ ಫೋನು, ಸ್ಯಾಮ್‌ಸಂಗ್ ಗ್ಯಾಲಕ್ಸಿ ಫೋಲ್ಡ್ ನೆನಪಿದೆಯಾ? ಅಮೆರಿಕದಲ್ಲಿ 1,980 ಡಾಲರ್ ಬೆಲೆ, 2019ರ ಏಪ್ರಿಲ್ 26ಕ್ಕೆ ಬಿಡುಗಡೆ ಅಂತ ನಿಗದಿಯಾಗಿತ್ತು. ಯಂತ್ರಕ್ಕೆ ಕೊಟ್ಟು 2 ಲಕ್ಷ ಸಲ ಮಡಚಿಸಿದ್ದೇವೆ ಅಂತ ಕಂಪನಿಯೇ ತೋರಿಸಿತ್ತು. ಆಮೇಲೆ ವಿಮರ್ಶಕರ ಕೈಗೆ ಕೊಟ್ಟರು. ಒಂದೆರಡು ದಿನಕ್ಕೇ ಕೆಲವರ ಸ್ಕ್ರೀನ್ ಹೋಯಿತು.

ಆಗಿದ್ದೇನು ಗೊತ್ತಾ? ಸ್ಕ್ರೀನಿನ ಮೇಲೆ ತೆಳುವಾದ ಒಂದು ಪದರ ಇತ್ತು. ಹೊಸ ಫೋನಿನ ಮೇಲೆ ಅಂಟಿಸಿರುವ ಪ್ಲಾಸ್ಟಿಕ್ ತರಹವೇ ಕಾಣುತ್ತಿತ್ತು, ಅಂಚೂ ಉಗುರಿಗೆ ಸಿಗುತ್ತಿತ್ತು. ಕೆಲವರು ಕಿತ್ತೇಬಿಟ್ಟರು. ಅದು ಡಿಸ್‌ಪ್ಲೇಯದ್ದೇ ಭಾಗ! ಕೀಳದವರಿಗೂ ನೆಮ್ಮದಿ ಇರಲಿಲ್ಲ. ಒಂದು ಫೋನಿನಲ್ಲಿ ಹಿಂಜ್, ಅಂದರೆ ಮಡಚುವ ಕೀಲಿನ ಹತ್ತಿರ ಏನೋ ಕಸ ಒಳಸೇರಿ, ಸ್ಕ್ರೀನು ಸಣ್ಣ ಗುಳ್ಳೆಯ ಹಾಗೆ ಉಬ್ಬಿತ್ತು. ಯಂತ್ರಕ್ಕೆ ಉಗುರೂ ಇಲ್ಲ, ಜೇಬಿನ ಧೂಳೂ ಇಲ್ಲ, ಅಲ್ವಾ? ನಮ್ಮಮ್ಮ ಆಗಿದ್ದರೆ ಆ ಫೋನು ಖಂಡಿತ ಉಳಿಯುತ್ತಿತ್ತು. ಮನೆಯ ಟಿವಿ ರಿಮೋಟಿನ ಕವರನ್ನೇ ಇವತ್ತಿಗೂ ತೆಗೆಯಲು ಬಿಟ್ಟಿಲ್ಲ.

ಬಿಡುಗಡೆ ಸೆಪ್ಟೆಂಬರಿಗೆ ಹೋಯಿತು. ಅಷ್ಟರಲ್ಲಿ ಆ ಪದರದ ಅಂಚನ್ನು ಫ್ರೇಮಿನ ಕೆಳಗೆ ತೂರಿಸಿದರು, ಹಿಂಜಿನ ತುದಿಗಳಿಗೆ ಮುಚ್ಚಳ ಕೂರಿಸಿದರು.

ಅದಕ್ಕೇ ನಾನು ಲೀಕ್ ಆದ ಫೋಟೋ ನೋಡುವಾಗ ಹೊಳಪು ನೋಡುವುದಿಲ್ಲ. ತೂತು ಎಲ್ಲಿದೆ, ಜೋಡಣೆ ಎಲ್ಲಿದೆ, ಅಷ್ಟೇ ನೋಡುತ್ತೇನೆ. 2014ರ ಐಫೋನ್ 6 ಪ್ಲಸ್ ಜೇಬಿನಲ್ಲಿ ಬಾಗಿತು ಅಂತ ಗಲಾಟೆ ಆಯಿತಲ್ಲ, 7.1 ಮಿಲಿಮೀಟರ್ ದಪ್ಪದ ಆ ಫೋನು ಬಾಗಿದ್ದು ವಾಲ್ಯೂಮ್ ಬಟನ್‌ಗಾಗಿ ಲೋಹ ಕೊರೆದ ಜಾಗದ ಹತ್ತಿರ. ಮರುವರ್ಷ 6ಎಸ್‌ಗೆ ಗಟ್ಟಿಯಾದ 7000 ಸರಣಿಯ ಅಲ್ಯೂಮಿನಿಯಂ ಬಂತು.

ಇನ್ನು ನೀರು, ಧೂಳು ಒಳಗೆ ಹೋಗಲ್ಲ ಅನ್ನುವುದಕ್ಕೆ ಐಪಿ68 ಅಂತ ದೊಡ್ಡದಾಗಿ ಬರೆದಿರುತ್ತಾರೆ. ನೀರಿನಲ್ಲಿ ಎಷ್ಟು ಆಳ, ಎಷ್ಟು ಹೊತ್ತು ಅನ್ನುವುದನ್ನು ಕಂಪನಿಯೇ ಹೇಳಬೇಕು. ಕೆಳಗಿನ ಸಣ್ಣ ಅಕ್ಷರ ಓದಿ.

ಭಾವಮೈದನಿಗೆ ನಾನು ಹೇಳಿದ್ದು ಇಷ್ಟೇ: ಅಂಗಡಿಗೆ ಬಂದಮೇಲೆ ಕೈಯಲ್ಲಿ ಹಿಡಿದು, ಕಿವಿಯ ಹತ್ತಿರ ತಂದು ಅಲ್ಲಾಡಿಸಿ. ನನ್ನದನ್ನು ಮೈಕ್ ಹತ್ತಿರ ಹಿಡಿಯುತ್ತೇನೆ, ಕೇಳಿ... ಟಕ್ ಟಕ್. ಹೆದರಬೇಡಿ, ಇದು ಕ್ಯಾಮೆರಾದೊಳಗೆ ಅಲುಗಾಡುವ ಲೆನ್ಸು. ಕ್ಯಾಮೆರಾ ಆನ್ ಮಾಡುತ್ತೇನೆ. ನೋಡಿ, ನಿಂತಿತು. ಈಗ ಇನ್ನೊಂದು ಸಲ... ಇನ್ನೂ ಸಣ್ಣಗೆ ಕಟಕಟ ಅನ್ನುತ್ತಿದೆ, ಅಲ್ವಾ? ಅದು ಪವರ್ ಬಟನ್ನು. ತಂದ ದಿನದಿಂದಲೂ ಹೀಗೇ.