ಕೊಡಗಿನ ಮಳೆಗೆ ಹೊರಟ ಪುಟ್ಟ ಕ್ಯಾಮೆರಾ

ಎಲ್ಲರಿಗೂ ನಮಸ್ಕಾರ. ಮಳೆಗಾಲದಲ್ಲಿ ಮಡಿಕೇರಿಗೆ ಬರ್ತಿದ್ದೀವಿ, ಕಾಂಪ್ಯಾಕ್ಟ್ ಕ್ಯಾಮೆರಾ ಇದೆ, ಜೊತೆಗೆ ಏನೇನು ತಗೊಳ್ಳೋದು ಅಂತ ತುಂಬ ಜನ ಕೇಳ್ತಿದ್ದೀರಿ. ಅಂಗಡೀಲಿ ಮೊದಲು ತೋರಿಸೋದು ಟ್ರೈಪಾಡು. ನಾನು ಮಾತ್ರ ಮೊದಲ ದುಡ್ಡನ್ನ ಕ್ಯಾಮೆರಾಗೆ ತೇವ ತಾಗದ ಹಾಗೆ ಕಾಯೋಕೆ ಇಡ್ತೀನಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಒಗೆದ ಬಟ್ಟೆ ಒಣಗೋದೇ ಕಷ್ಟ. ಚಪ್ಪಲಿ, ಬೆಲ್ಟು, ಪುಸ್ತಕ, ಎಲ್ಲಕ್ಕೂ ಬೂಷ್ಟು. ಅದೇ ಬೂಷ್ಟು ಲೆನ್ಸ್ ಒಳಗಿನ ಗಾಜಿಗೂ ಹಿಡಿಯುತ್ತೆ. ದೊಡ್ಡ ಕ್ಯಾಮೆರಾ ಆದ್ರೆ ಲೆನ್ಸ್ ಬೇರೆ ಹಾಕ್ಕೋಬಹುದು, ಇದರಲ್ಲಿ ಎರಡೂ ಒಂದೇ ತುಂಡು. ಸಾಲದ್ದಕ್ಕೆ, ಆಫ್ ಮಾಡಿದಾಗ ಒಳಗೆ ಸರಿಯೋ ಲೆನ್ಸು ಮೇಲೆ ಕೂತ ಹನಿಯನ್ನೂ ಜೊತೇಲೇ ಎಳ್ಕೊಂಡು ಹೋಗುತ್ತೆ. ಒರೆಸಿ ಆಫ್ ಮಾಡಿ, ದಯವಿಟ್ಟು. ಒರೆಸೋ ಮೈಕ್ರೋಫೈಬರ್ ಬಟ್ಟೆ ಒಂದು ಸಾಕಾಗಲ್ಲ, ಅದೂ ಒದ್ದೆ ಆಗುತ್ತಲ್ಲ.

ಈಗ ನೀವು ನೋಡ್ತಿರೋದು ಮುಚ್ಚಳಕ್ಕೆ ರಬ್ಬರ್ ಇರೋ, ನಾಲ್ಕೂ ಕಡೆ ಲಾಕ್ ಆಗೋ ಡಬ್ಬಿ. ಪಾತ್ರೆ ಅಂಗಡೀಲಿ ಸಿಗುತ್ತೆ. ಒಳಗೆ ಸಿಲಿಕಾ ಜೆಲ್. ಬಣ್ಣ ಬದಲಾಗೋ ಕಿತ್ತಳೆ ಕಾಳನ್ನೇ ಕೇಳಿ ತಗೊಳ್ಳಿ. ತೇವ ಹೀರ್ತಾ ಹೀರ್ತಾ ಹಸಿರಾಗುತ್ತೆ. ಆಗ ಅಡುಗೆಗೆ ಬಳಸದ ಹಳೇ ಬಾಣಲೇಲಿ, ಸಣ್ಣ ಉರೀಲಿ ಕೈಯಾಡಿಸ್ತಾ ಇರಿ. ಇಗೋ, ಅಂಚಿನಿಂದ ಒಂದೊಂದೇ ಕಾಳು ಕಿತ್ತಳೆಗೆ ತಿರುಗ್ತಿದೆ! ಪೂರ್ತಿ ಆರಿದ ಮೇಲೆ ಮತ್ತೆ ಡಬ್ಬಿಗೆ.

ಇನ್ನೊಂದು, ಜಿಪ್ ಕವರ್. ಚಳಿ ಮಳೇಲಿ ಸುತ್ತಾಡಿ ಬಂದವರು ನೇರ ಬಿಸಿ ಬಿಸಿ ಅಡುಗೆಮನೆಗೆ ನುಗ್ಗಿದ್ರೆ ತಣ್ಣಗಿನ ಗಾಜಿನ ಮೇಲೆ ಹಬೆ ಕೂರುತ್ತೆ. ಬಾಗಿಲ ಹೊರಗೇ ಕ್ಯಾಮೆರಾನ ಕವರ್‌ಗೆ ಹಾಕಿ ಮುಚ್ಚಿ. ಒಳಗೆ ಬಂದು ಕಾಫಿ ಕುಡಿದು, ಅದು ಮನೆಯ ಬಿಸಿಗೆ ಹೊಂದಿಕೊಂಡ ಮೇಲೆ ತೆಗೀರಿ. ಒಲೆ ಹತ್ರ ಇಟ್ಟು ಒಣಗಿಸೋದಂತೂ ಬೇಡವೇ ಬೇಡ.

ಲೆನ್ಸ್ ಮುಂದೆ ಹಾಕೋ, ಹೊಳಪು ತಗ್ಗಿಸೋ ಪೋಲರೈಸರ್ ಫಿಲ್ಟರ್ ಬಗ್ಗೆ ಆಸೆಯಿಂದಲೇ ಹೇಳ್ತೀನಿ. ಮಳೆ ನಿಂತ ಮೇಲೆ ಕಾಫಿ ಎಲೆಗಳ ಮೇಲೆ ಬೆಳ್ಳಗೆ ಒಂದು ಹೊಳಪಿರುತ್ತೆ, ಹಸಿರೇ ಕಾಣಲ್ಲ. ಫಿಲ್ಟರ್ ಉಂಗುರ ನಿಧಾನ ತಿರುಗಿಸಿ. ಹೊಳಪು ಹೋಗಿ ಒಂದೊಂದು ಎಲೆಯ ನರವೂ ಎದ್ದು ಬರುತ್ತೆ. ಎಷ್ಟೋ ಕಾಂಪ್ಯಾಕ್ಟ್‌ಗಳಿಗೆ ಫಿಲ್ಟರ್ ತಿರುಗಿಸಿ ಕೂರಿಸೋ ಥ್ರೆಡ್ ಇರಲ್ಲ, ಅಂಟಿಸೋ ಅಡಾಪ್ಟರ್ ಬೇಕು. ಅದು ಲೆನ್ಸ್ ಮುಚ್ಚಳಕ್ಕೆ ಅಡ್ಡ ಬರುತ್ತಾ ಅಂತ ಅಂಗಡೀಲೇ ನೋಡ್ಕೊಳ್ಳಿ. ಪೋಲರೈಸರ್ ಬೆಳಕನ್ನೂ ತಿನ್ನುತ್ತೆ, ಹಾಗಾಗಿ ಸಿಲ್ವರ್ ಓಕ್ ನೆರಳಿನ ತೋಟದೊಳಗೆ ತೆಗೆದಿಡಿ.

ಬ್ಯಾಟರಿ ಸ್ಪೇರ್ ಇರಲಿ, ಪವರ್ ಬ್ಯಾಂಕೂ ಇರಲಿ. ಗಾಳಿ ಮಳೆಗೆ ಮರ ಬಿದ್ರೆ ಕರೆಂಟು ಯಾವಾಗ ಬರುತ್ತೋ. ಮೆಮೊರಿ ಕಾರ್ಡಿನ ಮೇಲೆ ವಿ30 ಅಂತ ಇದ್ರೆ 4ಕೆ ವಿಡಿಯೋಗೆ ಸಾಮಾನ್ಯವಾಗಿ ಸಾಕು, ಸೆಕೆಂಡಿಗೆ 30 ಎಂಬಿ ಕನಿಷ್ಠ ಬರೆಯೋ ವೇಗ ಅಂತ ಅದರರ್ಥ.

ಟ್ರೈಪಾಡ್ ಚಿಕ್ಕದು ಸಾಕು. ಆದರೆ ಕೆಲವು ಕ್ಯಾಮೆರಾಗಳ ತಳಕ್ಕೆ ಟ್ರೈಪಾಡ್ ಪ್ಲೇಟ್ ಹಾಕಿದ್ರೆ ಬ್ಯಾಟರಿ ಬಾಗಿಲು ತೆಗೆಯೋಕಾಗಲ್ಲ. ಸ್ಕ್ರೂ ಹಾಕಿಸಿ ನೋಡಿಯೇ ಕೊಳ್ಳಿ. ಮಡಿಕೇರಿ ಹತ್ರದ ಮಾಂದಲ್‌ಪಟ್ಟಿ ಬೆಟ್ಟದ ಗಾಳಿಗೆ ಮೈಕ್ ಮೇಲೆ ರೋಮದ ಟೊಪ್ಪಿ ಬೇಕೇ ಬೇಕು, ಇಲ್ಲಾಂದ್ರೆ ಮಾತೇ ಕೇಳಿಸಲ್ಲ. ಅಲ್ಲಿನ ಜೀಪ್ ದಾರೀಲಿ ಕ್ಯಾಮೆರಾ ಕೈಯಲ್ಲಿದ್ರೆ ರಿಸ್ಟ್ ಸ್ಟ್ರಾಪ್ ಬಿಗಿಯಾಗಿರಲಿ.

ಸಕಲೇಶಪುರ, ಆಗುಂಬೆ ಕಡೆಯವರೇ, ಮಳೇಲಿ ನಿಮ್ಮ ಲೆನ್ಸ್‌ನ ಬೂಷ್ಟಿನಿಂದ ಹೇಗೆ ಕಾಪಾಡ್ಕೋತೀರಿ? ಬರೆದು ತಿಳಿಸಿ, ಮುಂದಿನ ವಿಡಿಯೋದಲ್ಲಿ ಮಾಡಿ ತೋರಿಸ್ತೀನಿ.